ಗುಜರಿ ಅಡಿಗಲ್ಲು: 1·1·18 ಅಂದರೇನು? ಏಟು ಹಾಕಿದಾಗಲೆಲ್ಲ ಎಗರುತ್ತೆ

ಹವ್ಯಾಸಿ_ಸುತ್ತಿಗೆ:
ನಮಸ್ಕಾರ. ಕೋಲಾರದ ಕಡೆ ಒಂದು ಗುಜರಿ ಅಂಗಡಿಯಲ್ಲಿ ಕೊಂಬಿರೋ ಹಳೇ ಅಡಿಗಲ್ಲು (ಕಮ್ಮಾರರು ಕಾದ ಕಬ್ಬಿಣ ಬಡಿಯೋ ಆನ್ವಿಲ್) ಸಿಕ್ತು. ತೂಕದ ಲೆಕ್ಕದಲ್ಲೇ ಕೊಟ್ಟರು, 71 ಕಿಲೋ ಚಿಲ್ಲರೆ. ಪಕ್ಕೆಯಲ್ಲಿ 1·1·18 ಅಂತಿದೆ. ಅಂಗಡಿಯವರು "1118ನೇ ನಂಬರು, ಕೆಜಿಎಫ್ ಗಣಿದು ಸಾರ್" ಅಂದರು. ಸೊಂಟದ ಹಿಂದೆ ಮುಂದೆ ಎರಡು ಚೌಕ ತೂತು. ಅದಕ್ಕೆ ಸರಳು ತೂರಿಸಿ ಆಂಗಲ್ ಟೇಬಲ್ಲಿಗೆ ಬಿಗಿದಿದ್ದೀನಿ. ಏಟು ಹಾಕಿದರೆ ಎಗರುತ್ತೆ, ಸದ್ದಿಗೆ ಪಕ್ಕದ ಮನೆಯವರು ಎರಡು ಸಲ ಬಂದು ಬೈದು ಹೋದರು. ಬಾಲದ ಕಡೆ, ಅಂದರೆ ಕೊಂಬಿನ ಎದುರು ತುದಿಯಲ್ಲಿ, ಮಾತ್ರ ಸದ್ದು ಮಂಕು. ಬಡಿಯೋ ಮೇಲ್ಮುಖ ನಡುವೆ ಒಂಚೂರು ತಗ್ಗಿದೆ, ಅಂಚು ಅಲ್ಲಲ್ಲಿ ಚಕ್ಕೆ ಎದ್ದಿದೆ. ಮಿಲ್ಲಿಂಗ್ ಯಂತ್ರದಲ್ಲಿ ಸವೆಸಿ ಸಮ ಮಾಡಿಸಲಾ?

ಕುಲುಮೆಮನೆ:
ಬೇಡ, ದಯವಿಟ್ಟು ಬೇಡ! ಒಡಲು ಮೆತು ಕಬ್ಬಿಣ, ಮೇಲೆ ಬೆಸೆದಿರೋದು ತೆಳು ಉಕ್ಕಿನ ಹಲಗೆ. ಅದನ್ನು ಸವೆಸಿದರೆ ಉಳಿಯೋದು ತೂಕದ ಕಲ್ಲು. ಅಷ್ಟು ತಗ್ಗು ಸರಳು ನೆಟ್ಟಗೆ ಮಾಡೋಕೆ ಅನುಕೂಲವೇ. ಚಕ್ಕೆಯೆದ್ದ ಅಂಚಿನ ಚೂಪು ಮಾತ್ರ ಉಜ್ಜಿ ದುಂಡಗೆ ಮಾಡಿ.

1118 ಅಲ್ಲ ಮಾರಾಯ್ರೇ, ಇಂಗ್ಲೆಂಡಿನ ತೂಕ! ಮೊದಲ ಅಂಕಿ ಹಂಡ್ರೆಡ್‌ವೇಟ್, ಅಂದರೆ 112 ಪೌಂಡ್. ಎರಡನೇದು ಅದರ ಕಾಲು ಭಾಗ, 28. ಮೂರನೇದು ಬಿಡಿ ಪೌಂಡ್. 112+28+18 = 158 ಪೌಂಡ್, ಸುಮಾರು 71.7 ಕಿಲೋ. ತಕ್ಕಡಿಯೂ ಅದನ್ನೇ ಹೇಳಿದೆಯಲ್ಲ. ಗಣಿಯಿಂದ ಬಂದದ್ದೋ ಇಲ್ಲವೋ, ಈ ಅಂಕಿ ಹೇಳಲ್ಲ.

ಪಕ್ಕೆಗೆ ಸೀಮೆಸುಣ್ಣದ ಪುಡಿ ಉಜ್ಜಿ, ರಾತ್ರಿ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಅಕ್ಷರ ಏನಾದರೂ ಏಳುತ್ತಾ?

ಹವ್ಯಾಸಿ_ಸುತ್ತಿಗೆ:
ಎದ್ದಿತು ಸಾರ್! "…ಟರ್ ರೈ…", ಕೆಳಗೆ ದುಂಡಗೆ "ಸಾಲಿಡ್ ರಾಟ್". ಪಾದದ ಮೇಲೆ ಸಣ್ಣ ಮೆಟ್ಟಿಲಿನ ಹಾಗಿದೆ.

ಕುಲುಮೆಮನೆ:
ಪೀಟರ್ ರೈಟ್ ಅನ್ನೋ ತಯಾರಕರದು, ಇಂಗ್ಲೆಂಡಿನ ಡಡ್ಲಿ ಊರಿಂದು. ಸಾಲಿಡ್ ರಾಟ್ ಅಂದರೆ ಒಡಲೆಲ್ಲ ಮೆತು ಕಬ್ಬಿಣ ಅಂತ. ಪಾದದ ಆ ಮೆಟ್ಟಿಲೂ ಅವರ ಕಲ್ಲಲ್ಲಿ ಇರುತ್ತೆ. ಒಳ್ಳೇ ಮಾಲೇ ಸಿಕ್ಕಿದೆ. ನೀವು ಸರಳು ತೂರಿಸಿದ ತೂತು ಬೋಲ್ಟಿಗಲ್ಲ. ಕಾದ ಮುದ್ದೆಯನ್ನು ಎತ್ತಿ ತಿರುಗಿಸಲು ತಯಾರಿಸುವಾಗಲೇ ಬಿಟ್ಟ ಹಿಡಿತದ ತೂತು ಅದು.

ಬೇರಿಂಗಿನ ಗುಂಡನ್ನು ಹತ್ತು ಇಂಚಿನಿಂದ ಮುಖದ ಮೇಲೆ ಅಲ್ಲಲ್ಲಿ ಬಿಟ್ಟು, ಎಷ್ಟು ಪುಟಿಯುತ್ತೆ ನೋಡಿ. ಬಾಲ ಕೆಳಗೆ ಆಸರೆಯಿಲ್ಲದೆ ಚಾಚಿಕೊಂಡಿರುತ್ತೆ, ಮೇಲೆ ಉಪಕರಣ ಕೂರಿಸೋ ಚೌಕ ತೂತು ಬೇರೆ ಇದೆ, ಅಲ್ಲಿ ಗುಂಡು ಕಮ್ಮಿ ಪುಟಿದರೆ ಚಿಂತೆಯಿಲ್ಲ. ನಟ್ಟ ನಡುವೆ ಒಂದೇ ಕಡೆ ಸತ್ತು ಬಿದ್ದು, ಒಡೆದ ಮಡಕೆಯ ಸದ್ದು ಬಂದರೆ ಹಲಗೆ ಬಿಟ್ಟಿದೆ ಅಂತ. ಸದ್ದೊಂದನ್ನೇ ನಂಬಬೇಡಿ: ಅಮೆರಿಕದ ಫಿಶರ್ ಅಡಿಗಲ್ಲು ಚೆನ್ನಾಗಿದ್ದರೂ ಝಣ್ ಅನ್ನಲ್ಲ, ಅದರ ಒಡಲು ಎರಕದ ಕಬ್ಬಿಣ.

ಹವ್ಯಾಸಿ_ಸುತ್ತಿಗೆ:
ನಡುವೆ ಏಳು ಇಂಚು, ಬಾಲದಲ್ಲಿ ಐದು. ಕೊಂಬಿನ ಬುಡದ ತಗ್ಗು ಮೆಟ್ಟಿಲಲ್ಲಿ ಗುಂಡು ಏಳೋದೇ ಇಲ್ಲ. ಅಲ್ಲಿ ಉಳಿ ಗಾಯವೂ ತುಂಬಾ ಇದೆ.

ಕುಲುಮೆಮನೆ:
ಆ ಮೆಟ್ಟಿಲಿಗೆ ಉಕ್ಕಿನ ಹಲಗೆ ಇಲ್ಲ, ಮೆತ್ತಗೇ ಇರುತ್ತೆ. ಉಳಿ ಬಾಯಿ ಹೋಗದಿರಲಿ ಅಂತ ಅಲ್ಲೇ ಕತ್ತರಿಸ್ತಾ ಇದ್ದರು. ಕಲ್ಲು ಆರೋಗ್ಯವಾಗಿದೆ, ರೋಗ ಇರೋದು ಟೇಬಲ್ಲಿಗೆ.

ಬಾಗೇಪಲ್ಲಿ_ಲೇತ್:
ಟೇಬಲ್ ಬಿಟ್ಟು ಜಾಲಿ ದಿಮ್ಮಿ ತನ್ನಿ, ನಾರು ಮೇಲ್ಮುಖ ಇರಬೇಕು. ನೆಟ್ಟಗೆ ನಿಂತು ಮುಷ್ಟಿ ಹಿಡಿದು ಕೈ ಇಳಿಬಿಡಿ, ಗೆಣ್ಣು ಎಲ್ಲಿಗೆ ಬರುತ್ತೋ ಅಲ್ಲಿಗೆ ಮುಖ ಬರಲಿ. ನಮ್ಮ ತಾತ ದಿಮ್ಮಿಯನ್ನು ನೆಲದಲ್ಲಿ ಹೂತು, ಕೂತು ಬಡಿಯೋರು. ಆ ಅಳತೆ ನಿಂತು ಬಡಿಯೋರಿಗೆ ಆಗಲ್ಲ. ಕಲ್ಲಿನ ತಳ ನಡುವೆ ಕುಳಿ ಬಿದ್ದಿರಬಹುದು, ಮೊದಲು ಅಲುಗುತ್ತಾ ನೋಡಿ. ಸಿಲಿಕಾನ್ ದಪ್ಪಗೆ ಹಚ್ಚಿ ಕೂರಿಸಿ, ನಾಲ್ಕು ಪಾದಕ್ಕೂ ಪಟ್ಟಿ ಬಿಗಿಯಿರಿ. ಬಾಲದ ಅಡಿಗೆ ಹಳೇ ಸ್ಪೀಕರಿನ ಅಯಸ್ಕಾಂತ ಅಂಟಿಸಿದರೆ ಸದ್ದು ಇನ್ನೂ ಇಳಿಯುತ್ತೆ.

ಹವ್ಯಾಸಿ_ಸುತ್ತಿಗೆ:
ಭಾನುವಾರ ಕೂರಿಸಿದೆ. ಎಗರೋದು ನಿಂತಿದೆ, ಝಣ್ ಹೋಗಿ ಟಕ್ ಆಗಿದೆ. ಆದರೆ ದಿಮ್ಮಿ ಹಸಿ ಇತ್ತು ಅನ್ಸುತ್ತೆ, ಮೂರೇ ದಿನಕ್ಕೆ ಬೆರಳು ಹೋಗುವಷ್ಟು ಬಿರುಕು.

ಬಾಗೇಪಲ್ಲಿ_ಲೇತ್:
ಎತ್ತಿನಗಾಡಿ ಚಕ್ರಕ್ಕೆ ಪಟ್ಟಾ ತೊಡಿಸ್ತಾರಲ್ಲ, ಹಾಗೇ. ಬಳೆಯನ್ನು ಸುತ್ತಳತೆಗಿಂತ ಒಂಚೂರು ಬಿಗಿ ಮಾಡಿ, ಕೆಂಪಗೆ ಕಾಯಿಸಿ ಇಳಿಸಿ, ತಕ್ಷಣ ನೀರು ಹಾಕಿ. ಪಕ್ಕದಲ್ಲಿ ಎರಡು ಬಕೆಟ್ ಜಾಸ್ತಿ ಇಟ್ಕೊಳ್ಳಿ, ದಿಮ್ಮಿ ಹೊತ್ತಿಕೊಳ್ಳುತ್ತೆ.