ಸಹಾಯ ಬೇಕು: ನದಿ ಕದನಕ್ಕೆ ಆನೆ, ಈಟಿಗೆ ಹಿತ್ತಾಳೆ ತಂತಿ

ಮಂಗಳೂರು, ಉಡುಪಿ, ಮಣಿಪಾಲ ಕಡೆಯ ಮಿನಿಯೇಚರ್ ಆಟಗಾರರೇ (ಮೇಜಿನ ಮೇಲೆ ಪುಟ್ಟ ಬೊಂಬೆ ಸೈನ್ಯ ಇಟ್ಟು ಕದನ ಆಡುವವರೇ), ಜಂಟಿ ಕ್ಯಾಂಪೇನಿನ, ಅಂದರೆ ಕದನ ಸರಣಿಯ, ಮುಂದಿನ ಕದನಕ್ಕೆ ಒಂದಿಷ್ಟು ನೆರವು ಬೇಕು. ಕದನ ಕಾಲ್ಪನಿಕ, ಕಾಲ ಕ್ರಿ.ಪೂ. 300ರ ಆಸುಪಾಸು, ಅಲೆಕ್ಸಾಂಡರನ ಸೇನಾನಿಗಳ ಕಿತ್ತಾಟ. ಬೊಂಬೆ 15 ಮಿ.ಮೀ., ಬೇಸಿನ (ಬೊಂಬೆ ಅಂಟಿಸುವ ತಟ್ಟೆಯ) ಅಗಲ 40 ಮಿ.ಮೀ., ಒಂದೊಂದು ಕಡೆಗೆ 12 ಬೇಸ್.

ಮೊದಲು ಆನೆ. ಎರಡು ಬೇಸ್ ಒಂದು ಭಾನುವಾರದ ಮಟ್ಟಿಗೆ ಎರವಲು ಕೊಟ್ಟರೆ ಸಾಕು. ಕಿವಿ ಸಣ್ಣದಿರುವ ಭಾರತದ ಆನೆಯೇ ಆಗಬೇಕು. ಚಂದ್ರಗುಪ್ತ ಮೌರ್ಯ ಆ ಸೇನಾನಿಗಳಲ್ಲೊಬ್ಬನಾದ ಸೆಲ್ಯೂಕಸನಿಗೆ ಕೊಟ್ಟದ್ದು ಅದನ್ನೇ.

ನಿಯಮದಲ್ಲೊಂದು ತೊಡಕಿದೆ. ಕ್ರಿ.ಪೂ. 301ರ ಇಪ್ಸಸ್ ಕದನದಲ್ಲಿ ಸೆಲ್ಯೂಕಸನ ಆನೆಗಳು ಅಡ್ಡ ನಿಂತು, ಎದುರಾಳಿ ಡಿಮೆಟ್ರಿಯಸನ ಕುದುರೆ ದಳ ಹಿಂದಿರುಗದಂತೆ ಮಾಡಿದವು. ಅದನ್ನು ತರಲೆಂದು, ಆನೆಯಿಂದ 80 ಮಿ.ಮೀ. ಒಳಗೆ ಬಂದ ಕುದುರೆಗೆ ದಾಳದಲ್ಲಿ 1 ಕಳೆಯುತ್ತೇವೆ. ಆದರೆ 60 ಸೆಂ.ಮೀ. ಮೇಜಿನಲ್ಲಿ ನದಿಗೆ ಎರಡೇ ಕಡವು (ದಾಟುವ ಜಾಗ). ಕಡವಿಗೊಂದು ಆನೆ ನಿಲ್ಲಿಸಿದರೆ ಆಟವೇ ಬಂದ್! ಮೂರನೇ ಕಡವು ಕೊಡುವುದೋ, ಭರ್ಜಿ ಎಸೆಯುವವರಿಗೆ ಆನೆಯ ಮೇಲೆ 1 ಹೆಚ್ಚು ಕೊಡುವುದೋ? ಎರಡನೆಯದೇ ಇತಿಹಾಸಕ್ಕೆ ಹತ್ತಿರ ಅನಿಸುತ್ತದೆ. ಆಡಿಸಿ ನೋಡಿದವರು ಹೇಳಿ.

ಇನ್ನು ಈಟಿ. ಸರಿಸ್ಸಾ (ಮ್ಯಾಸಿಡೋನಿಯದ ಸೈನಿಕರ ಉದ್ದ ಈಟಿ) ಸುಮಾರು 5ರಿಂದ 6 ಮೀಟರ್, ಅಂದರೆ ನಮ್ಮ ಅಳತೆಗೆ 50–60 ಮಿ.ಮೀ. ಉಕ್ಕಿನ ತಂತಿಗೆ ನಮ್ಮ ಕಡಲ ಗಾಳಿಯಲ್ಲಿ ಬಣ್ಣದಡಿಯಲ್ಲೇ ತುಕ್ಕು ಹಿಡಿಯುತ್ತದೆ. 0.5 ಮಿ.ಮೀ. ಹಿತ್ತಾಳೆ ತಂತಿ, ಸುರುಳಿಯಲ್ಲ, ನೇರ ಕಡ್ಡಿ, ಹಂಪನಕಟ್ಟೆ ಸುತ್ತ ಎಲ್ಲಿ ಸಿಗುತ್ತದೆ? ಮರಳು ಕಾಗದದಲ್ಲಿ ಉಜ್ಜದೆ ಪ್ರೈಮರ್ ಹೊಡೆದರೆ ಸಿಪ್ಪೆ ಏಳುತ್ತದೆ, ಅದು ಗೊತ್ತಿದೆ.

ಮಳೆಯ ತೇವದಲ್ಲಿ ಸ್ಪ್ರೇ ಮ್ಯಾಟ್ ವಾರ್ನಿಶ್ ಬೆಳ್ಳಗೆ ಮಂಜು ಕಟ್ಟುವುದರಿಂದ ಈ ಸಲ ಬ್ರಶ್ಶಿನಲ್ಲೇ ಹಚ್ಚುತ್ತೇವೆ. ಆನೆ ಇರುವವರು ಬೇಸಿನ ಅಳತೆ, ಫೋಟೊ ಕಳಿಸಿ.