1914ರ ಮಂಗಳೂರು: ಮಿಶನ್ ಪಾದ್ರಿ, ಹೆಂಚಿನ ಕಾರ್ಖಾನೆಯ ಹುಡುಗಿ. ಈ ಪ್ರೀತಿ ನಂಬುವ ಹಾಗಿದೆಯಾ?

ಜೆಪ್ಪುಹೆಂಚು:
ಮೂರು ವರ್ಷದಿಂದ ಒಂದು ಕಾದಂಬರಿ ಎಳೆದಾಡುತ್ತಾ ಇದ್ದೇನೆ. ನಾಯಕ ಯೋಹಾನ್ನೆಸ್, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿಂದ ಬಂದ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ. ನಾಯಕಿ ಸಲೋಮಿ, ಮಂಗಳೂರಿನ ಜೆಪ್ಪುವಿನಲ್ಲಿ ಅದೇ ಮಿಶನ್ನಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊರುವವಳು. ನನ್ನ ಅಜ್ಜಿಯ ಅಮ್ಮ ಅಲ್ಲೇ ದುಡಿದವರು. ಹಲಗೆ ಹೊತ್ತೂ ಹೊತ್ತೂ ನೆತ್ತಿಯಲ್ಲಿ ರೂಪಾಯಿ ಅಗಲಕ್ಕೆ ಕೂದಲೇ ಇರಲಿಲ್ಲವಂತೆ. ಅದನ್ನು ಹಾಗೇ ಸಲೋಮಿಗೆ ಕೊಟ್ಟಿದ್ದೇನೆ. ಮೊದಲ ಸಲ ಅವನ ಕಣ್ಣು ನಿಲ್ಲುವುದೇ ಅಲ್ಲಿ.

ಯುದ್ಧ ಬಂತು, ಬ್ರಿಟಿಷರು ಜರ್ಮನರನ್ನು ಕೂಡಿಹಾಕಿದರು, ಅವನನ್ನು ಅಹ್ಮದ್‌ನಗರದ ಕ್ಯಾಂಪಿಗೆ ಒಯ್ದರು. ಹೊರಡುವ ಹಿಂದಿನ ರಾತ್ರಿ ಅವಳು ತನ್ನ ಜಪಸರ ಅವನ ಕೈಗಿಡುತ್ತಾಳೆ. ಆಮೇಲೆ ಬರೀ ಕಾಗದಗಳು. ಅವನು ಪ್ರೀತಿಯ ಮಾತು ಬರೆಯುವುದೇ ಇಲ್ಲ, "ಪರಮಗೀತ 8:7" ಅಂತ ಅಂಕೆ ಮಾತ್ರ (ಎಷ್ಟು ನೀರೂ ಪ್ರೀತಿಯನ್ನು ನಂದಿಸಲಾರದು ಅನ್ನುವ ವಚನ). ಅವಳು ಬೈಬಲ್ ತೆಗೆದು ನೋಡಿಕೊಳ್ಳಬೇಕು. ಓದಿದ ಗೆಳತಿ "ಇದು ಸಿನಿಮಾ ಆಯಿತು ಮಾರಾಯ್ತಿ" ಅಂದಳು. ಎಲ್ಲಿ ಎಡವಿದ್ದೇನೆ, ಹೇಳಿ.

ಬಲ್ಮಠದ ಮುದುಕ:
ಮೊದಲು ಆ ಜಪಸರ ತೆಗೆಯಿರಿ ತಾಯಿ. ಬಾಸೆಲ್ ಮಿಶನ್ ಪ್ರಾಟೆಸ್ಟೆಂಟರದ್ದು. ಸಂಜೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುವುದು ಕೊಂಕಣಿ ಮಾತಾಡುವ ಕೆಥೋಲಿಕರ ಮನೆಯಲ್ಲಿ. ಸಲೋಮಿಯ ಮನೆಮಾತು ತುಳು, ಪ್ರಾರ್ಥನೆ ಕನ್ನಡದಲ್ಲಿ. ಅವಳ ಕೈಯಲ್ಲಿ ಇರಬೇಕಾದದ್ದು ಇಲ್ಲೇ ಬಲ್ಮಠದ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದ ಗೀತೆಗಳ ಪುಸ್ತಕ.

ಎರಡನೆಯದು ದೊಡ್ಡ ತೊಡಕು. ನೀವು ಯುದ್ಧವೇ ಅಡ್ಡಿ ಅಂದುಕೊಂಡಿದ್ದೀರಿ. ಯುದ್ಧಕ್ಕಿಂತ ಮೊದಲೇ ಕಮಿಟಿ ಇದೆಯಲ್ಲ! ಪಾದ್ರಿ ತನ್ನಿಷ್ಟಕ್ಕೆ ಮದುವೆಯಾಗುವ ಹಾಗಿರಲಿಲ್ಲ. ಬಾಸೆಲ್‌ಗೆ ಅರ್ಜಿ ಬರೆಯಬೇಕು, ಅಲ್ಲಿನ ಕಮಿಟಿ ಒಪ್ಪಬೇಕು. ಎಷ್ಟೋ ಜನರಿಗೆ ಹೆಣ್ಣು ಅಲ್ಲಿಂದಲೇ ಹಡಗು ಹತ್ತಿ ಬರುತ್ತಿತ್ತು, ಮುಖ ನೋಡುವುದು ಇಲ್ಲಿ ಇಳಿದ ಮೇಲೆ. ನಿಘಂಟಿನ ಕಿಟ್ಟೆಲ್ಲರು ಹೆಂಡತಿ ತೀರಿಕೊಂಡ ಮೇಲೆ ಅವರ ಸಹೋದರಿಯನ್ನೇ ಮದುವೆಯಾದರು. ಇಲ್ಲಿಯ ಗಂಡು, ಅಲ್ಲಿಯ ಹೆಣ್ಣು ಅಂತ ತಿರುಗುಮುರುಗು ನಡೆದದ್ದುಂಟು. 1844ರಲ್ಲಿ ದೀಕ್ಷಾಸ್ನಾನ ಪಡೆದು ಬಾಸೆಲ್‌ನಲ್ಲಿ ಓದಿ ಬಂದ ಆನಂದರಾವ್ ಕೌಂಡಿನ್ಯರು, ಮೊದಲ ಹೆಂಡತಿ ಹೋದ ಮೇಲೆ, 1860ರಲ್ಲಿ ಜರ್ಮನಿಯ ಮರಿ ರೈನ್‌ಹಾರ್ಟ್‌ರನ್ನು ಮದುವೆಯಾದರು. ಆದರೆ ಹೆಂಚು ಹೊರುವವಳನ್ನು ಜರ್ಮನ್ ಪಾದ್ರಿ? ಅರ್ಜಿ ಬರೆಯುವಾಗಲೇ ಅವನ ಕೈ ನಡುಗಬೇಕು. ಆ ಅರ್ಜಿ ನಿಮ್ಮ ಕಾದಂಬರಿಯಲ್ಲಿ ಎಲ್ಲಿದೆ?

ಹಳೆ ಟಪಾಲು:
ಅಂಕೆಯ ಉಪಾಯ ಕೇಳಲು ಚಂದ, ನಡೆಯುವುದಿಲ್ಲ. ಕ್ಯಾಂಪಿನ ಕಾಗದ ಸೆನ್ಸಾರ್ ಓದದೆ ಹೊರಗೆ ಹೋಗದು. 22 ಸೆಪ್ಟೆಂಬರ್ 1914ರ ರಾತ್ರಿ ಜರ್ಮನರ ಎಂಡನ್ ಯುದ್ಧಹಡಗು ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ ಹೋಗಿದೆ, ಮಂಗಳೂರೂ ಅದೇ ಮದ್ರಾಸ್ ಪ್ರಾಂತ್ಯ. ಅಂಥಾ ಹೊತ್ತಿನಲ್ಲಿ ಒಬ್ಬ ಜರ್ಮನ್ "8:7" ಅಂತ ಬರೆದರೆ ಸಂಕೇತ ಅಂತ ಕತ್ತರಿ ಹಾಕದೆ ಇರುತ್ತಾರಾ? ಬದಲಿಗೆ ವಚನವನ್ನೇ ಪೂರಾ ಬರೆಯಲಿ. ಪಾದ್ರಿ ಸಭೆಯವಳಿಗೆ ಬೈಬಲ್ ವಚನ ಬರೆದರೆ ಯಾರಿಗೆ ಅನುಮಾನ? ಎಲ್ಲರ ಕಣ್ಣೆದುರೇ ಇರುತ್ತದೆ, ಅವಳಿಗೆ ಮಾತ್ರ ತಾಗುತ್ತದೆ.

ಹುಬ್ಬಳ್ಳಿ ಓದುಗ:
ನಾ ಆದ್ರ ಒಬ್ಬ ಸ್ವಿಸ್ ಪಾದ್ರೀನ್ನ ತರ್ತಿದ್ದೆ. ಅದೇ ಮಿಶನ್, ಅದೇ ಬಂಗಲೆ, ಒಂದೇ ಮೇಜಿನ ಮ್ಯಾಲೆ ಊಟ, ಆದ್ರ ಅವನ ದೇಶ ಯುದ್ಧದಾಗ ಇರಲಿಲ್ಲ. ಪೊಲೀಸ್ರು ಬಂದಾಗ ಪಾಸ್‌ಪೋರ್ಟ್ ನೋಡಿ ಒಬ್ಬಾಂವನ್ನ ಒಯ್ತಾರ, ಇನ್ನೊಬ್ಬಾಂವನ್ನ ಬಿಡ್ತಾರ. ಉಳಿದಾಂವನ ಮುಖ ಹೆಂಗಿರ್ತದ? ಅಂವಗೂ ಸಲೋಮಿ ಮ್ಯಾಲೆ ಮನಸ್ಸಿತ್ತಂದ್ರ ಇನ್ನೂ ಛಲೋ. ಇನ್ನೊಂದು ಮಾತ್ರಿ, ಆಕಿ ಅವನ್ನ ಏನಂತ ಕರೀತಾಳ? ಹೆಸರು ಹಿಡಿದು ಕರದ್ಲಂದ್ರ ನಾ ಪುಸ್ತಕ ಮುಚ್ಚಿ ಇಡಾಂವ.

ಜೆಪ್ಪುಹೆಂಚು:
ಜಪಸರಕ್ಕೆ ನಾಚಿಕೆಯಾಯಿತು. ಅದು ನಮ್ಮ ಪಕ್ಕದ ಮನೆಯ ಬಾಯಮ್ಮನ ಕೈಯಲ್ಲಿ ದಿನಾ ನೋಡಿದ್ದು, ಹಾಗೇ ಪುಟಕ್ಕೆ ಬಂದುಬಿಟ್ಟಿದೆ. ತೆಗೆದೆ. ಈಗ ಅವಳು ಗೀತೆ ಪುಸ್ತಕದಿಂದ ಒಂದು ಹಾಳೆ ಹರಿದು ಕೊಡುತ್ತಾಳೆ, ಅಂಚಿನಲ್ಲಿ ಕೆಂಪು ಮಣ್ಣಿನ ಬೆರಳಚ್ಚು. ಪುಸ್ತಕ ಹರಿದದ್ದಕ್ಕೆ ಅಮ್ಮನಿಂದ ಬೈಗುಳ ಬೇರೆ.

ಅರ್ಜಿಯ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಅವನು ಜುಲೈ 1914ರಲ್ಲಿ ಬಾಸೆಲ್‌ಗೆ ಬರೆದು ಟಪಾಲಿಗೆ ಹಾಕುತ್ತಾನೆ. ಕಾಗದ ಕಡಲಲ್ಲಿರುವಾಗಲೇ, ಆಗಸ್ಟ್ 4ಕ್ಕೆ, ಬ್ರಿಟನ್ ಯುದ್ಧ ಸಾರುತ್ತದೆ. ಕ್ಯಾಂಪಿನಲ್ಲಿ ಅವನು ಕಾಯುವುದು ಸಲೋಮಿಯ ಕಾಗದಕ್ಕಿಂತ ಹೆಚ್ಚಾಗಿ ಕಮಿಟಿಯ ಕಾಗದಕ್ಕೆ. 1915ರ ಕೊನೆಗೆ ಮಿಶನರಿಗಳನ್ನು ಊರಿಗೆ ಸಾಗಿಸಿದ ಗೋಲ್ಕೊಂಡ ಹಡಗಿನಲ್ಲಿ ಅವನನ್ನೂ ಹತ್ತಿಸುತ್ತೇನೆ. ಸ್ವಿಸ್ ಗೆಳೆಯನನ್ನೂ ತರುತ್ತೇನೆ, ಆದರೆ ಅವನಿಗೂ ಸಲೋಮಿ ಮೇಲೆ ಮನಸ್ಸು ಬೇಡ, ಆಗ ನಿಜವಾಗಿ ಸಿನಿಮಾ. ಕಮಿಟಿಯ ಉತ್ತರ ಬಂದು ತಲುಪುವುದು ಆ ಸ್ವಿಸ್ ಗೆಳೆಯನ ಕೈಗೆ.

ಹುಬ್ಬಳ್ಳಿಯವರೇ, ಅವಳು ಅವನನ್ನು "ಅಯ್ಯನವರೇ" ಅಂತಲೇ ಕರೆಯುತ್ತಾಳೆ. ಹಾಳೆ ಕೊಡುವ ರಾತ್ರಿ ಮಾತ್ರ ಏನೂ ಕರೆಯುವುದಿಲ್ಲ.

ಬಲ್ಮಠದ ಮುದುಕ:
ಆ ಉತ್ತರದ ಲಕೋಟೆ ಅವನು ಒಡೆಯುತ್ತಾನಾ?

ಜೆಪ್ಪುಹೆಂಚು:
ನಿನ್ನೆ ಒಡೆಸಿದ್ದೆ. ಇವತ್ತು ಬೆಳಿಗ್ಗೆ ಆ ಪ್ಯಾರಾ ಹೊಡೆದುಹಾಕಿದೆ.