ಪದಚರ್ಚೆ: ಕರುಳಿನ ‘ಟಾಲರೆನ್ಸ್’ಗೆ ಕನ್ನಡದಲ್ಲಿ ಒಂದೇ ಪದ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆ ಕರುಳಿನ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ‘ಇಮ್ಯೂನ್ ಟಾಲರೆನ್ಸ್’, ಅಂದರೆ ರೋಗನಿರೋಧಕ ವ್ಯವಸ್ಥೆ ಕೆಡುಕಿಲ್ಲದ್ದರ ಮೇಲೆ ದಾಳಿ ಮಾಡದಿರುವುದು, ಎಂಬ ಮಾತಿನ ಹತ್ತಿರ ಬಂದು ನಿಂತಿದ್ದೇನೆ. 2025ರ ವೈದ್ಯಕೀಯ ನೊಬೆಲ್ ಬಂದಿದ್ದೂ ಇದೇ ವಿಷಯಕ್ಕೆ. ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ ಮೂವರೂ ಅದನ್ನು ಹಂಚಿಕೊಂಡರು. ಹಾಗಾಗಿ ಇನ್ನು ಮುಂದೆ ಈ ಮಾತು ಕನ್ನಡದಲ್ಲಿ ಜಾಸ್ತಿ ಬೇಕಾಗುತ್ತದೆ. ‘ಸಹಿಷ್ಣುತೆ’ ಅಂತ ಬರೆದು ಮುಂದೆ ಹೋಗಬಹುದು. ನನಗೆ ಅದು ಸರಿ ಕಾಣುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ನಿಮಗೆ ಏನನ್ನಿಸುತ್ತದೆ ತಿಳಿಸಿ.

ಸಹಿಷ್ಣುತೆ ಅಂದರೆ ಬೇಡದ್ದನ್ನು ಹೇಗೋ ಸಹಿಸಿಕೊಂಡು ಸುಮ್ಮನಿರುವುದು ಎಂಬ ಧ್ವನಿ ಇದೆ, ಅಲ್ವಾ? ಕರುಳು ಹಾಗೆ ಸುಮ್ಮನಿರುವುದಿಲ್ಲ. ನಾವು ತಿಂದ ಅನ್ನದ, ಬೇಳೆಯ, ಮೊಟ್ಟೆಯ ಪ್ರೋಟೀನಿನ ಚೂರುಗಳನ್ನು ಕರುಳಿನ ಗೋಡೆಯಲ್ಲಿರುವ ಡೆಂಡ್ರಿಟಿಕ್ ಕೋಶಗಳು ಎತ್ತಿಕೊಳ್ಳುತ್ತವೆ. ಪಕ್ಕದ ದುಗ್ಧಗ್ರಂಥಿಗೆ ಒಯ್ದು ಅಲ್ಲಿರುವ ಟಿ ಕೋಶಗಳಿಗೆ (ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣಗಳಿಗೆ) ತೋರಿಸುತ್ತವೆ. ಎ ವಿಟಮಿನ್ನಿನಿಂದ ಆಗುವ ರೆಟಿನೋಯಿಕ್ ಆಮ್ಲ ಮತ್ತು ಟಿಜಿಎಫ್-ಬೀಟಾ ಎಂಬ ಪ್ರೋಟೀನು ಜೊತೆಗೆ ಸಿಕ್ಕಾಗ ಆ ಟಿ ಕೋಶಗಳಲ್ಲಿ ಕೆಲವು ನಿಯಂತ್ರಕ ಕೋಶಗಳಾಗುತ್ತವೆ. ‘ಇದು ಊಟ, ಇದರ ಮೇಲೆ ಬೀಳಬೇಡಿ’ ಅಂತ ಉಳಿದ ಕೋಶಗಳನ್ನು ತಡೆಯುವುದೇ ಅವುಗಳ ಕೆಲಸ. ಈ ಕೋಶಗಳಿಗೆ ಬೇಕಾದ ಫಾಕ್ಸ್‌ಪಿ3 ಎಂಬ ಜೀನ್ ಕೆಟ್ಟು ಹುಟ್ಟಿದ ಗಂಡುಮಕ್ಕಳಿಗೆ ಎಳವೆಯಲ್ಲೇ ನಿಲ್ಲದ ಭೇದಿ, ಸಕ್ಕರೆ ಕಾಯಿಲೆ, ಚರ್ಮದ ಉರಿಯೂತ ಬರುತ್ತವೆ. ಅಂದರೆ ಇದು ದಿನವೂ ದುಡಿದು ಉಳಿಸಿಕೊಳ್ಳುವ ಶಾಂತಿ.

ಇದಕ್ಕೆ ನಮ್ಮಲ್ಲಿ ಆಗಲೇ ಒಂದು ಒಳ್ಳೆಯ ಮಾತಿದೆ: ಒಗ್ಗುವುದು. ‘ಬದನೆಕಾಯಿ ಮೈಗೆ ಒಗ್ಗಲ್ಲ’, ‘ಊರ ನೀರು ಒಗ್ಗಿತು’ ಅನ್ನುತ್ತೇವೆ. ಇನ್ನೂ ಮುಖ್ಯವಾದದ್ದು ‘ಒಗ್ಗಿಸು’. ಮಗುವಿಗೆ ಆರು ತಿಂಗಳಾದ ಮೇಲೆ ಒಂದೊಂದೇ ತಿನಿಸು ಕೊಟ್ಟು ಒಗ್ಗಿಸಬೇಕು ಅನ್ನುವಾಗ ಅದೊಂದು ಮಾಡುವ ಕೆಲಸ ಎಂಬ ಅರ್ಥ ತಾನಾಗಿ ಬರುತ್ತದೆ. ವಿಜ್ಞಾನ ಹೇಳುವುದೂ ಅದನ್ನೇ. ಬಾಯಿಂದ ಹೋದ ಪ್ರೋಟೀನಿಗೆ ಇಡೀ ಮೈ ಒಗ್ಗುತ್ತದೆ ಎಂಬುದು 1911ರಷ್ಟು ಹಿಂದೆಯೇ ಕಂಡಿತ್ತು. ಒಂದು ಪ್ರೋಟೀನನ್ನು ಮೊದಲೇ ತಿಂದಿದ್ದ ಗಿನಿಯಿಲಿಗಳಿಗೆ ಆಮೇಲೆ ಅದನ್ನೇ ಚುಚ್ಚಿದರೂ ಅವುಗಳ ಮೈ ಕೆರಳಲಿಲ್ಲ ಎಂದು ಹ್ಯಾರಿ ಗಿಡಿಯನ್ ವೆಲ್ಸ್ ತೋರಿಸಿದರು. 2015ರಲ್ಲಿ ಲಂಡನ್ನಿನಿಂದ ಲೀಪ್ ಅಧ್ಯಯನದ ಫಲಿತಾಂಶ ಬಂತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಚಿಕ್ಕಂದಿನಿಂದಲೇ ಕಡಲೆಕಾಯಿ ತಿನ್ನಿಸುತ್ತ ಬಂದರು, ಉಳಿದವಕ್ಕೆ ಐದು ವರ್ಷದವರೆಗೆ ಕೊಡಲಿಲ್ಲ. ತಿಂದ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ತುಂಬಾ ಕಡಿಮೆ ಇತ್ತು. ಹಾಗಾಗಿ ಆಹಾರದ ಮಟ್ಟಿಗೆ ನನ್ನ ಓಟು ‘ಒಗ್ಗಿಕೆ’ಗೆ. ಒಂದು ತೊಡಕು ಮಾತ್ರ ಇದೆ. ‘ಹಾಲು ಒಗ್ಗಲ್ಲ’ ಅನ್ನುವವರಲ್ಲಿ ಹೆಚ್ಚಿನವರಿಗೆ ಇರುವುದು ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಕಿಣ್ವದ ಕೊರತೆ. ಅದಕ್ಕೂ ಟಿ ಕೋಶಗಳಿಗೂ ಸಂಬಂಧವಿಲ್ಲ. ಮಕ್ಕಳ ಬರಹದಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು.

ನನ್ನ ನಿಜವಾದ ಕಷ್ಟ ಬ್ಯಾಕ್ಟೀರಿಯಾಗಳದ್ದು. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ಅಂದಾಜು. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಇವುಗಳಿಗೂ ‘ಟಾಲರೆನ್ಸ್’ ಎಂಬ ಅದೇ ಮಾತನ್ನೇ ಬಳಸುತ್ತಾರೆ. ಆದರೆ ಮೈ ಇವಕ್ಕೆ ಒಗ್ಗಿದೆ ಅನ್ನುವಂತಿಲ್ಲ. ಅಪೆಂಡಿಕ್ಸ್ ಒಡೆದು ಅದೇ ಬ್ಯಾಕ್ಟೀರಿಯಾಗಳು ಹೊಟ್ಟೆಯ ಕುಹರಕ್ಕೆ ಸೋರಿದರೆ ರೋಗನಿರೋಧಕ ವ್ಯವಸ್ಥೆ ಕೆಂಡಾಮಂಡಲವಾಗುತ್ತದೆ, ಜೀವಕ್ಕೇ ಕುತ್ತು ಬರಬಹುದು. ಕರುಳಿನೊಳಗೆ ಅವು ಆರಾಮಾಗಿವೆ ಅಂದರೆ ಅದಕ್ಕೆ ಕಾರಣ ಗಡಿ. ದೊಡ್ಡ ಕರುಳಿನ ಗೋಡೆಗೆ ಎರಡು ಪದರ ಲೋಳೆ ಇದೆ. ಹೊರಗಿನ ಸಡಿಲ ಪದರದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಗೋಡೆಗೆ ಅಂಟಿದ ಒಳಪದರ ಎಷ್ಟು ಬಿಗಿ ಅಂದರೆ ಅಲ್ಲಿಗೆ ಅವು ಬರುವುದೇ ಅಪರೂಪ. ಅದರ ಮೇಲೆ ಐಜಿಎ ಎಂಬ ಪ್ರತಿಕಾಯವನ್ನು ಕರುಳು ದಿನಕ್ಕೆ ಕೆಲವು ಗ್ರಾಂಗಳಷ್ಟು ಸುರಿಸುತ್ತದೆ. ಅದು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಗೋಡೆಯಿಂದ ದೂರ ಇಡುತ್ತದೆ, ಉರಿಯೂತ ಎಬ್ಬಿಸುವುದಿಲ್ಲ. ಎಷ್ಟು ನಾಜೂಕಿನ ಏರ್ಪಾಡು ನೋಡಿ!

ಇದಕ್ಕೆ ನನಗೆ ತೋಚಿದ ಮಾತು ‘ಹದ್ದುಬಸ್ತು’. ಜಮೀನಿನ ಗಡಿ ಗುರುತಿಸಲು ಸರ್ವೆಯವರಿಂದ ಹದ್ದುಬಸ್ತು ಮಾಡಿಸುತ್ತೇವೆ, ತುಂಟ ಮಕ್ಕಳನ್ನೂ ಹದ್ದುಬಸ್ತಿನಲ್ಲಿ ಇಡುತ್ತೇವೆ. ನೆಲದ ಎಲ್ಲೆ, ನಡತೆಯ ಎಲ್ಲೆ ಎರಡೂ ಆ ಪದದಲ್ಲಿವೆ. ಕರುಳು ಬ್ಯಾಕ್ಟೀರಿಯಾಗಳನ್ನು ಹದ್ದುಬಸ್ತಿನಲ್ಲಿ ಇಡುತ್ತದೆ ಅಂದರೆ ಹತ್ತನೇ ಕ್ಲಾಸಿನ ಹುಡುಗಿಗೆ ತಕ್ಷಣ ಗೊತ್ತಾಗುತ್ತದೆ. ಊಟಕ್ಕೆ ಒಗ್ಗಿಕೆ, ಬ್ಯಾಕ್ಟೀರಿಯಾಕ್ಕೆ ಹದ್ದುಬಸ್ತು ಎಂದು ಎರಡು ಪದ ಇಟ್ಟುಕೊಂಡರೆ ವಿಷಯವೇ ತಿಳಿಯಾಗುತ್ತದೆ ಎಂಬುದು ನನ್ನ ನಂಬಿಕೆ.

ಹದ್ದು ಮೀರಿದರೆ ಆಗುವುದು ಬೇರೆ ಕಥೆ. ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾ ಕರುಳಿನ ಗೋಡೆಯ ಕೋಶಗಳೊಳಗೇ ನುಗ್ಗುತ್ತದೆ. ಆಗ ಎದ್ದ ಉರಿಯೂತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಸೇರಿಕೊಂಡಿರುತ್ತದೆ. ಟಿಜಿಎಫ್-ಬೀಟಾ ಮುಂಚಿನಂತೆಯೇ ಇದ್ದರೂ, ಈ ಸಂದೇಶ ಜೊತೆಗೂಡಿದ ಕೂಡಲೇ ಹೊಸ ಟಿ ಕೋಶಗಳು ನಿಯಂತ್ರಕ ಕೋಶಗಳಾಗುವ ಬದಲು ಕಾದಾಡುವ ಕೋಶಗಳಾಗುತ್ತವೆ.

ಇದೇ ಕಾರಣಕ್ಕೆ ‘ರೋಗನಿರೋಧಕ ಶಕ್ತಿ’ ಎಂಬ ಬಳಕೆಯನ್ನೂ ಚರ್ಚೆಗೆ ಇಡುತ್ತೇನೆ. ಶಕ್ತಿ ಅಂದ ಕೂಡಲೇ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಗೋಧಿಯ ಗ್ಲುಟೆನ್ ಕಂಡರೆ ಕೆರಳುವ ಸೀಲಿಯಾಕ್ ಕಾಯಿಲೆಯವರ ಕರುಳಿನಲ್ಲಿ ಕಾದಾಟ ಕಡಿಮೆ ಏನಿಲ್ಲ. ಬೇಡದ ಕಡೆ ನಡೆಯುತ್ತಿದೆ ಅಷ್ಟೇ. ಅವರಿಗೆ ‘ಶಕ್ತಿ ಹೆಚ್ಚಿಸಿಕೊಳ್ಳಿ’ ಅನ್ನುವುದರಲ್ಲಿ ಅರ್ಥವಿಲ್ಲ. ‘ರೋಗನಿರೋಧಕ ವ್ಯವಸ್ಥೆ’ ಅಂದರೆ ಸಾಕು.

ಈಗ ನನ್ನ ಪ್ರಶ್ನೆಗಳು. ‘ಒಗ್ಗಿಕೆ’ ಎಂಬ ರೂಪ ನಿಮ್ಮ ಕಿವಿಗೆ ಸಹಜವೇ, ಇಲ್ಲ ‘ಒಗ್ಗುವಿಕೆ’ ವಾಸಿಯೇ? ‘ಹದ್ದುಬಸ್ತು’ ಕರಾವಳಿಯ, ಮಲೆನಾಡಿನ ಮಕ್ಕಳಿಗೂ ಬಳಕೆಯಲ್ಲಿದೆಯೇ? ಧಾರವಾಡ, ಕಲಬುರಗಿ ಕಡೆ ತಿನಿಸು ಒಗ್ಗದಿದ್ದರೆ ಮನೆಯಲ್ಲಿ ಹಿರಿಯರು ಏನನ್ನುತ್ತಾರೆ? ಆಡುಮಾತಿನಲ್ಲಿ ಹೇಗಿದೆಯೋ ಹಾಗೇ ಬರೆದು ಕಳಿಸಿ.